ಬಹುಮಾನ ಒಂದು ಪುಸ್ತಕ: ಕಾರವಾರ, ಅಂಕೋಲೆಯವರು ಕಂಡ ಪ್ರಶ್ನೋತ್ತರದ ಟೀವಿ

ಹಳೆಯ ಟೀವಿಯ ಸುದ್ದಿ ತೆಗೆದರೆ ಎಲ್ಲ ಊರಿನಲ್ಲೂ ಒಂದೇ ಮಾತು. ಭಾನುವಾರ ಬೆಳಿಗ್ಗೆ ರಾಮಾಯಣ, ಬೀದಿ ಖಾಲಿ, ಪೆಟ್ಟಿಗೆಗೆ ಹೂಮಾಲೆ. ಈ ಕಥೆಯನ್ನು ಎಷ್ಟು ಜನ ಎಷ್ಟು ಸಲ ಬರೆದಿದ್ದಾರೆಂದರೆ ಅದರಲ್ಲಿ ಇನ್ನು ಹಿಂಡಲು ರಸ ಉಳಿದಿಲ್ಲ. ಆದರೆ ಕಾರವಾರ, ಅಂಕೋಲೆ ಕಡೆಯ ಜಗುಲಿಗಳಲ್ಲಿ ಕೂತು ಮಾತು ಸ್ವಲ್ಪ ಬೆಳೆಸಿದರೆ ಬೇರೊಂದು ನೆನಪು ಹೊರಗೆ ಬರುತ್ತದೆ. ಮೇಜಿನ ಹಿಂದೆ ಮೂವರೋ ನಾಲ್ವರೋ ಕೂತಿದ್ದಾರೆ, ಒಬ್ಬರು ಪ್ರಶ್ನೆ ಕೇಳುತ್ತಾರೆ, ಮನೆಯೊಳಗೆ ಕೂತವರು ಟೀವಿಯವರಿಗಿಂತ ಮೊದಲು ಉತ್ತರ ಕೂಗುತ್ತಾರೆ. ತಪ್ಪಾದರೆ ನಗು, ಸರಿಯಾದರೆ ಮರುದಿನ ಗೂಡಂಗಡಿಯಲ್ಲಿ ಹೇಳಿಕೊಳ್ಳಲು ಒಂದು ಸುದ್ದಿ. ಈ ಕಾರ್ಯಕ್ರಮಗಳಿಗೆ ಯಾರೂ ಹೂಮಾಲೆ ಹಾಕಲಿಲ್ಲ. ಹಾಗಾಗಿ ಅವುಗಳ ಚರಿತ್ರೆಯನ್ನೂ ಯಾರೂ ಬರೆಯಲಿಲ್ಲ.

ನಾವು ಇಲ್ಲಿ ಬರೆಯುತ್ತಿರುವುದು ಆ ಚರಿತ್ರೆಯ ಒಂದು ತುಂಡು. ಎರಡು ತಾಲೂಕು, ಸುಮಾರು ನಲವತ್ತು ವರ್ಷ.

ಟೀವಿಗಿಂತ ಮೊದಲಿನ ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಈ ಕಡೆಯವರಿಗೆ ಎದುರುಬದುರು ಕೂತು ಮಾತಿನಲ್ಲಿ ಸೆಣಸುವವರನ್ನು ನೋಡುವುದು ಹೊಸ ಮೋಜೇನೂ ಆಗಿರಲಿಲ್ಲ. ತಾಳಮದ್ದಳೆ ಎಂದರೆ ಅದೇ. ವೇಷ ಇಲ್ಲ, ಕುಣಿತ ಇಲ್ಲ. ಹಿಂದೆ ಭಾಗವತರು, ಮದ್ದಳೆ, ಚಂಡೆ. ಮುಂದೆ ಪಂಚೆ, ಶಾಲು ಹೊದ್ದ ಅರ್ಥಧಾರಿಗಳು. ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ: ಸಂಧಾನಕ್ಕೆ ಹೋದ ಕೃಷ್ಣ ಬರಿಗೈಲಿ ಬರುತ್ತಾನೆ, ವಾಲಿ ಸಾಯುತ್ತಾನೆ. ಕೊನೆ ಗೊತ್ತಿದ್ದೂ ಜನ ರಾತ್ರಿಯಿಡೀ ಕೂರುತ್ತಿದ್ದರು. ಏಕೆಂದರೆ ಇವತ್ತಿನ ವಾಲಿ ಇವತ್ತಿನ ರಾಮನಿಗೆ ಯಾವ ಪ್ರಶ್ನೆ ಹಾಕುತ್ತಾನೆ, ರಾಮ ಹೇಗೆ ಪಾರಾಗುತ್ತಾನೆ ಎಂಬುದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಬರೆದ ಸಂಭಾಷಣೆ ಇಲ್ಲದ ಕಲೆ ಅದು. ಕರಪತ್ರದಲ್ಲಿ ಊರಿನ ಕಲಾವಿದರ ಹೆಸರು ಕೆಳಗೆ, ಮೇಲೆ ದಪ್ಪ ಅಕ್ಷರದಲ್ಲಿ 'ಅತಿಥಿ ಕಲಾವಿದರು'. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಕಾಸರಗೋಡಿನ ಕಡೆಯಿಂದ ಬಂದರೆ, ಹೊನ್ನಾವರದ ಕೆರೆಮನೆ ಶಂಭು ಹೆಗಡೆಯವರಂಥವರು ಎದುರು ಕೂತರೆ ಅದಕ್ಕೊಂದು ಬೇರೆಯೇ ಬೆಲೆ. ಯಾರು ಬರುತ್ತಾರೆ ಎನ್ನುವುದಕ್ಕಿಂತ ಯಾರ ಎದುರು ಯಾರು ಎನ್ನುವುದೇ ಮುಖ್ಯ. ಗೆದ್ದವರಿಗೆ ಕಪ್ಪು ಇರಲಿಲ್ಲ. ಶಾಲು, ತೆಂಗಿನಕಾಯಿ, ಗೌರವಧನದ ಒಂದು ಲಕೋಟೆ. ಗೆದ್ದವರ್‍ಯಾರು ಎಂಬುದು ಮನೆಗೆ ನಡೆದುಹೋಗುವ ದಾರಿಯಲ್ಲಿ ತೀರ್ಮಾನವಾಗುತ್ತಿತ್ತು, ಅದೂ ಒಮ್ಮತವಿಲ್ಲದೆ.

ಒಗಟು ಇನ್ನೂ ಹಳೆಯದು. ಮದುವೆಮನೆಯಲ್ಲಿ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಒಬ್ಬರಿಗೊಬ್ಬರು ಒಗಟು ಹಾಕಿ ಸೋಲಿಸುವುದು, ಮದುಮಗಳು ಪ್ರಾಸದಲ್ಲಿ ಸುತ್ತಿಬಳಸಿ ಗಂಡನ ಹೆಸರು ಹೇಳುವುದು, ಇವೆಲ್ಲ ಕೊಂಕಣಿ, ಮರಾಠಿ, ಕನ್ನಡ ಮೂರೂ ಮಾತಿನ ಮನೆಗಳಲ್ಲಿ ಇದ್ದವು. ಹೊನ್ನಾವರದ ಡಾ. ಎನ್.ಆರ್. ನಾಯಕ, ಶಾಂತಿ ನಾಯಕ ದಂಪತಿಯಂಥವರು ಊರೂರು ಅಲೆದು ಈ ಜಿಲ್ಲೆಯ ಜನಪದವನ್ನು ದಾಖಲಿಸಿದ್ದರಿಂದ ಆ ಲೋಕದ ಒಂದಷ್ಟಾದರೂ ಪುಸ್ತಕದಲ್ಲಿ ಉಳಿದಿದೆ. ಅಂಕೋಲೆಯವರಿಗೆ ಇನ್ನೊಂದು ಚಟವೂ ಇತ್ತು, ಚುಟುಕ. ದಿನಕರ ದೇಸಾಯಿಯವರು ನಾಲ್ಕೇ ಸಾಲಿನಲ್ಲಿ ಮಂತ್ರಿಯಿಂದ ಹಿಡಿದು ತಮ್ಮವರೆಗೆ ಎಲ್ಲರನ್ನೂ ಚುಚ್ಚಿದವರು. 1953ರಲ್ಲಿ ಅವರು ಕಟ್ಟಿದ ಕೆನರಾ ವೆಲ್ಫೇರ್ ಟ್ರಸ್ಟಿನ ಶಾಲೆಗಳಲ್ಲಿ, 1966ರಲ್ಲಿ ಶುರುವಾದ ಗೋಖಲೆ ಸೆಂಟಿನರಿ ಕಾಲೇಜಿನಲ್ಲಿ ಓದಿದ ಎರಡು ಮೂರು ತಲೆಮಾರು ಈ ತಾಲೂಕಿನಲ್ಲಿದೆ. ಥಟ್ಟನೆ ಒಂದು ಪ್ರಾಸ, ಥಟ್ಟನೆ ಒಂದು ಉತ್ತರ. ಟೀವಿ ಬರುವ ಹೊತ್ತಿಗೆ ಕಿವಿ ಸಿದ್ಧವಾಗಿತ್ತು.

ಟೀವಿಯ ಪ್ರಶ್ನೋತ್ತರ ಮೊದಲು ಬಂದದ್ದು ಸುದ್ದಿಯಾಗಿ, ಮುಂಬೈಯಿಂದ. ಈ ಜಿಲ್ಲೆ 1956ರವರೆಗೆ ಮುಂಬೈ ಆಡಳಿತಕ್ಕೆ ಸೇರಿದ್ದು. ಕೆಲಸ ಎಂದರೆ ಮುಂಬೈ, ಆಸ್ಪತ್ರೆ ಎಂದರೆ ಮುಂಬೈ. ದಿನಕರ ದೇಸಾಯಿಯವರೂ ಅಲ್ಲಿ ದುಡಿದವರು, ನೆರೆಯ ಕುಮಟಾ ತಾಲೂಕಿನ ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿ ಅಲ್ಲಿ ಬದುಕು ಕಟ್ಟಿಕೊಂಡು ಅಲ್ಲಿಂದಲೇ ಕನ್ನಡದಲ್ಲಿ ಬರೆದವರು. ಮುಂಬೈ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ಅದರಲ್ಲಿ ಸಬೀರಾ ಮರ್ಚೆಂಟ್ ನಡೆಸಿಕೊಡುತ್ತಿದ್ದ 'ವಾಟ್ಸ್ ದ ಗುಡ್ ವರ್ಡ್' ಎಂಬ ಇಂಗ್ಲಿಷ್ ಪದಗಳ ಆಟ ವರ್ಷಗಟ್ಟಲೆ ಓಡಿತು. ಮೇ ರಜೆಗೆ ಊರಿಗೆ ಬಂದ ಮಕ್ಕಳು ಆ ಆಟವನ್ನು ಅಂಗಳದಲ್ಲಿ ಆಡಿ ತೋರಿಸುತ್ತಿದ್ದರು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಇಲ್ಲಿದ್ದವರು ಪೆಟ್ಟಿಗೆಯನ್ನೇ ನೋಡದೆ ಪೆಟ್ಟಿಗೆಯ ಆಟ ಕಲಿತರು. ಅತ್ತ ರೇಡಿಯೋದಲ್ಲಿ 1972ರಿಂದಲೇ ಬೋರ್ನ್‌ವಿಟಾ ಕ್ವಿಜ್ ಇತ್ತು. ಮೊದಲು ಹಮೀದ್ ಸಯಾನಿ, ಅವರು ತೀರಿಕೊಂಡ ಮೇಲೆ ತಮ್ಮ ಅಮೀನ್ ಸಯಾನಿ. ಅದು ಇಂಗ್ಲಿಷ್ ಶಾಲೆಯ ಮಕ್ಕಳ ಲೋಕ. ಬೆಲೇಕೇರಿಯ ಕನ್ನಡ ಶಾಲೆಯ ಹುಡುಗನಿಗೆ ಅದರಲ್ಲಿ ಪ್ರವೇಶ ಇರಲಿಲ್ಲ.

ಟೀವಿ ಬಂದ ಮೇಲೂ ಪ್ರವೇಶ ಸಿಗಲಿಲ್ಲ, ಸ್ವಲ್ಪ ಕಾಲ. ಇದನ್ನು ಇವತ್ತಿನವರಿಗೆ ಬಿಡಿಸಿ ಹೇಳಬೇಕು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾಯಿತು. ಅದು ಕನ್ನಡ ಮಾತಾಡಿತು. ಆದರೆ ಅದರ ಅಲೆ ಘಟ್ಟ ಇಳಿದು ಬರಲಿಲ್ಲ. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೇರಿದ ಮೇಲೆ ದೇಶದ ತುಂಬ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ಎದ್ದವು. 1984ರಲ್ಲಿ ಒಂದು ಹಂತದಲ್ಲಿ ದಿನಕ್ಕೊಂದರಂತೆ ಎದ್ದವು. ಈ ಪುಟ್ಟ ಕೇಂದ್ರಗಳ ಕೆಲಸ ಒಂದೇ, ಉಪಗ್ರಹದಿಂದ ಬಂದ ದೆಹಲಿಯ ಕಾರ್ಯಕ್ರಮವನ್ನು ಸುತ್ತಲಿನ ಹತ್ತಿಪ್ಪತ್ತು ಕಿಲೋಮೀಟರಿಗೆ ಹರಡುವುದು. ಸ್ವಂತದ್ದು ಏನೂ ಇಲ್ಲ. ಹಾಗಾಗಿ ಕರ್ನಾಟಕದ ಸಣ್ಣ ಊರುಗಳು ತಮ್ಮ ರಾಜಧಾನಿಯ ಕನ್ನಡವನ್ನು ಕಾಣುವ ಮೊದಲು ದೆಹಲಿಯ ಹಿಂದಿ, ಇಂಗ್ಲಿಷನ್ನು ಕಂಡವು. ಮಾಡಿನ ಮೇಲೆ ಬಿದಿರಿಗೆ ಕಟ್ಟಿದ ಆಂಟೆನಾ ತಿರುಗಿಸುತ್ತ ಒಬ್ಬ, ಕೆಳಗಿನಿಂದ 'ಬಂತು, ಹೋಯ್ತು' ಎಂದು ಕೂಗುವವನು ಇನ್ನೊಬ್ಬ. ಮಳೆಗಾಲದಲ್ಲಿ ಕರೆಂಟೇ ಇಲ್ಲ. ಮುಂದೆ ಕಾಳಿ ನದಿಯ ಕದ್ರಾದಲ್ಲಿ, ಕೈಗಾದಲ್ಲಿ ವಿದ್ಯುತ್ ಹುಟ್ಟತೊಡಗಿದ ಮೇಲೂ ಈ ಮಾತು ಪೂರ್ತಿ ಹಳೆಯದಾಗಲಿಲ್ಲ ಬಿಡಿ.

1985ರಲ್ಲಿ ಸಿದ್ಧಾರ್ಥ ಬಸು ಅವರ 'ಕ್ವಿಜ್ ಟೈಮ್' ಬಂತು. ಕಾಲೇಜುಗಳ ತಂಡಗಳು, ಚುರುಕಾದ ಇಂಗ್ಲಿಷ್, ಗಡಿಯಾರದ ಓಟ. ಉತ್ತರ ಬಿಡಿ, ಪ್ರಶ್ನೆ ಅರ್ಥವಾಗುವುದೇ ಕಷ್ಟವಿದ್ದ ಮನೆಗಳೂ ಅದನ್ನು ನೋಡಿದವು. ಅದರ ಪರಿಣಾಮ ಶಾಲೆಗಳಲ್ಲಿ ಕಂಡಿತು. ಆವರೆಗೆ 'ಸಾಮಾನ್ಯ ಜ್ಞಾನ ಸ್ಪರ್ಧೆ' ಎಂದರೆ ಬರೆಯುವ ಪರೀಕ್ಷೆ. ಆಮೇಲೆ ಅದೇ 'ಕ್ವಿಜ್' ಆಯಿತು. ಬೆಂಚುಗಳನ್ನು ಓರೆಯಾಗಿ ಇಟ್ಟು, ತಂಡಗಳಿಗೆ ನದಿಗಳ ಹೆಸರು ಕೊಟ್ಟು (ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಜಿಲ್ಲೆಯಲ್ಲಿ ನದಿಗಳಿಗೇನು ಬರ), ಗುಂಡಿ ಒತ್ತುವ ಬದಲು ಸ್ಟೀಲ್ ತಾಟಿಗೆ ಚಮಚ ಬಡಿಯುವ ಕ್ವಿಜ್. 1993ರಲ್ಲಿ ಝೀ ವಾಹಿನಿಯ ಅಂತ್ಯಾಕ್ಷರಿ ಬಂದಾಗಲೂ ಹೀಗೇ ಆಯಿತು. ಪದ್ಯದ ಕೊನೆಯ ಅಕ್ಷರ ಹಿಡಿದು ಮುಂದಿನ ಪದ್ಯ ಹೇಳುವ ಆಟ ನಮ್ಮ ಶಾಲೆಗಳಲ್ಲಿ ಎಂದಿನಿಂದಲೋ ಇತ್ತು. ಅನ್ನು ಕಪೂರ್ ಅದನ್ನು ಸಿನಿಮಾ ಹಾಡು ಮಾಡಿ ನಮಗೇ ವಾಪಸ್ ಮಾರಿದರು.

ಕನ್ನಡದ ಪಾಲು ಬಂದದ್ದು ತೊಂಬತ್ತರ ದಶಕದಲ್ಲಿ. ಬೆಂಗಳೂರು ದೂರದರ್ಶನದ ಕಾರ್ಯಕ್ರಮಗಳು ಉಪಗ್ರಹಕ್ಕೆ ಏರಿದವು, ಮುಂದೆ ಅದು 'ಚಂದನ'ವಾಯಿತು. 1994ರಲ್ಲಿ ಉದಯ ಟೀವಿ ಬಂತು. ಉದಯದ 'ಹರಟೆ'ಯನ್ನು ಈ ಕಡೆ ಜನ ಹಚ್ಚಿಕೊಂಡ ಪರಿ ಬೇರೆ. ಹಿರೇಮಗಳೂರು ಕಣ್ಣನ್, ಪ್ರೊ. ಕೃಷ್ಣೇಗೌಡ, ರಿಚರ್ಡ್ ಲೂಯಿಸ್, ಸುಧಾ ಬರಗೂರು ಇಂಥವರು ಒಂದು ವಿಷಯದ ಪರ, ವಿರೋಧ ಎಂದು ಎರಡು ಬಣವಾಗಿ ಕೂತು ಮಾತಾಡುತ್ತಿದ್ದರು. ನಮ್ಮ ಲೆಕ್ಕದಲ್ಲಿ ಅದು ಪಕ್ಕಾ ತಾಳಮದ್ದಳೆ, ಭಾಗವತರು ಮಾತ್ರ ಇಲ್ಲ. ಯಾರು ಯಾವ ಪಕ್ಷ ಹಿಡಿದರೂ ಅದು ಅಂದಿನ ಪಾತ್ರ ಅಷ್ಟೇ ಎಂದು ನೋಡುವವನಿಗೂ ಗೊತ್ತು, ಆಡುವವನಿಗೂ ಗೊತ್ತು. ಮುಂದಿನ ವಾರ ಅವರೇ ಎದುರು ಪಕ್ಷದಲ್ಲಿರಬಹುದು. ಇವತ್ತಿನ ಟೀವಿ ಚರ್ಚೆಯಲ್ಲಿ ಕಾಣೆಯಾಗಿರುವುದು ಈ ತಿಳಿವಳಿಕೆಯೇ.

ಈಟಿವಿ ಕನ್ನಡದಲ್ಲಿ ಗೋಕರ್ಣದ ಜಯಂತ ಕಾಯ್ಕಿಣಿಯವರು ಬೇಂದ್ರೆ, ಕಾರಂತ, ಕುವೆಂಪು ಬಗ್ಗೆ ನಡೆಸಿಕೊಟ್ಟ ಸರಣಿಗಳನ್ನೂ ಇಲ್ಲಿ ನೆನೆಯಬೇಕು. ಅದು ಆಟವಲ್ಲ, ಸ್ಪರ್ಧೆಯಲ್ಲ. ಆದರೆ ಅತಿಥಿಯ ಮನೆಗೆ ಹೋಗಿ, ಕೇಳಿ, ಸುಮ್ಮನೆ ಕಾಯುವುದು ಹೇಗೆಂದು ತೋರಿಸಿದ್ದು ನಮ್ಮ ಕಡೆಯವರೇ ಎಂಬ ಸಣ್ಣ ಹೆಮ್ಮೆ ಈ ಭಾಗದಲ್ಲಿದೆ.

ಈಗ ಮುಖ್ಯ ಮಾತಿಗೆ ಬರೋಣ. 2002ರ ಜನವರಿ 4ರಂದು ಚಂದನದಲ್ಲಿ 'ಥಟ್ ಅಂತ ಹೇಳಿ' ಶುರುವಾಯಿತು. ನಡೆಸಿಕೊಡುವವರು ಡಾ. ನಾ. ಸೋಮೇಶ್ವರ, ವೃತ್ತಿಯಿಂದ ವೈದ್ಯರು, ಪ್ರವೃತ್ತಿಯಿಂದ ಲೇಖಕರು. ಮೂವರು ಸ್ಪರ್ಧಿಗಳು, ಕನ್ನಡದಲ್ಲೇ ಪ್ರಶ್ನೆ, ಸರಿಯುತ್ತರಕ್ಕೆ ಪುಸ್ತಕ. ಇಷ್ಟೇ ಬಂಡವಾಳ. ಮೂರು ಸಾವಿರ ಕಂತು ದಾಟಿತು, ಲಿಮ್ಕಾ ದಾಖಲೆ ಪುಸ್ತಕ ಸೇರಿತು. ಅದು ಹುಟ್ಟಿದ ಹೊತ್ತನ್ನು ಗಮನಿಸಿ. ಅದಕ್ಕೆ ಒಂದೂವರೆ ವರ್ಷ ಮೊದಲು, 2000ದ ಜುಲೈ 3ರಂದು, ಅಮಿತಾಭ್ ಬಚ್ಚನ್ ಅವರ 'ಕೌನ್ ಬನೇಗಾ ಕರೋಡ್‌ಪತಿ' ದೇಶವನ್ನೇ ಅಲ್ಲಾಡಿಸಿತ್ತು. ಒಂದು ಕೋಟಿ ರೂಪಾಯಿ, ಬೆಳಕಿನ ಚಕಮಕಿ, ಎದೆ ಬಡಿತದ ಸಂಗೀತ. ಅಂಥ ಹೊತ್ತಿನಲ್ಲಿ ಸರ್ಕಾರಿ ವಾಹಿನಿಯೊಂದು ಪುಸ್ತಕ ಕೊಡುತ್ತೇವೆ ಬನ್ನಿ ಎಂದು ಕರೆಯಿತು. ಜನ ಹೋದರು.

ಹೋದರು ಎಂದರೆ ಕಾರವಾರದಿಂದ ಬೆಂಗಳೂರಿಗೆ 500 ಕಿಲೋಮೀಟರಿಗೂ ಹೆಚ್ಚು. ಸಂಜೆ ಬಸ್ ಹತ್ತಿ, ಘಟ್ಟ ಏರಿ, ಹುಬ್ಬಳ್ಳಿ ಹಾದು, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಸ್ಟುಡಿಯೋಕ್ಕೆ. ಶಿಕ್ಷಕರು, ಬ್ಯಾಂಕ್ ನೌಕರರು, ಅಂಚೆಯವರು, ಡಿಗ್ರಿ ಓದುವ ಮಕ್ಕಳು, ಅಡುಗೆಮನೆಯಲ್ಲಿ ರೇಡಿಯೋ ಕೇಳುತ್ತಲೇ ಬೆಳೆದ ಗೃಹಿಣಿಯರು. ಗೆದ್ದ ಪುಸ್ತಕಗಳ ಬೆಲೆಗಿಂತ ಬಸ್ಸಿನ ಟಿಕೆಟೇ ಹೆಚ್ಚು. ಲೆಕ್ಕ ಹಾಕಿದರೆ ನಷ್ಟದ ವ್ಯವಹಾರ. ಯಾರೂ ಲೆಕ್ಕ ಹಾಕಲಿಲ್ಲ. ಪ್ರಸಾರದ ರಾತ್ರಿ ಮನೆ ತುಂಬ ಜನ, ಚಾ, ಅವಲಕ್ಕಿ. ಮರುದಿನದಿಂದ ಆ ವ್ಯಕ್ತಿ ಊರಿನಲ್ಲಿ 'ಥಟ್ ಅಂತ ಹೇಳಿಗೆ ಹೋಗಿಬಂದ ಮಾಸ್ತರರು'.

ಇದಕ್ಕೆ ಕಾರಣವೇನೆಂದು ನಾವು ಆಗಾಗ ಮಾತಾಡಿಕೊಂಡಿದ್ದೇವೆ. ದೂರದ ಒಂದು ಉದಾಹರಣೆ ಇದನ್ನು ಚೆನ್ನಾಗಿ ಬಿಡಿಸುತ್ತದೆ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1950ರಿಂದ 1967ರವರೆಗೆ 'ವಾಟ್ಸ್ ಮೈ ಲೈನ್?' ಎಂಬ ಆಟ ನಡೆಯಿತು. ಪತ್ರಕರ್ತೆ, ನಟಿ, ಪುಸ್ತಕ ಪ್ರಕಾಶಕ ಹೀಗೆ ನಾಲ್ವರು ಸಾಲಾಗಿ ಕೂರುವುದು. ಎದುರಿಗೆ ಬಂದ ಸಾಮಾನ್ಯ ವ್ಯಕ್ತಿಯ ಕಸುಬು ಏನೆಂದು ಹೌದು, ಅಲ್ಲ ಎಂಬ ಉತ್ತರ ಬರುವ ಪ್ರಶ್ನೆಗಳಿಂದಲೇ ಕಂಡುಹಿಡಿಯುವುದು. ಕೊನೆಗೆ ಒಬ್ಬ ಪ್ರಸಿದ್ಧ ಅತಿಥಿ. ಆಗ ನಾಲ್ವರ ಕಣ್ಣಿಗೂ ಪಟ್ಟಿ, ಅತಿಥಿ ದನಿ ಬದಲಿಸಿ ಉತ್ತರಿಸಬೇಕು. 1957ರಲ್ಲಿ ಚಿತ್ರಕಾರ ಸಾಲ್ವಡಾರ್ ಡಾಲಿ ಬಂದಾಗ ಹೆಚ್ಚುಕಡಿಮೆ ಕೇಳಿದ್ದಕ್ಕೆಲ್ಲ 'ಹೌದು' ಎಂದುಬಿಟ್ಟರು, ನಿರ್ವಾಹಕ ಜಾನ್ ಡೇಲಿ ನಡುವೆ ಬಾಯಿ ಹಾಕಿ ಸರಿಪಡಿಸಬೇಕಾಯಿತು. ಬಹುಮಾನ? ಪ್ರತಿ 'ಅಲ್ಲ'ಕ್ಕೆ 5 ಡಾಲರ್, ಹತ್ತು 'ಅಲ್ಲ' ಆದರೆ 50 ಡಾಲರ್, ಅಲ್ಲಿಗೆ ಆಟ ಮುಗಿಯಿತು. ಅದೇ ಕಾಲದಲ್ಲಿ, 1955ರಿಂದ, ಅಲ್ಲಿ ದೊಡ್ಡ ಹಣದ ಕ್ವಿಜ್‌ಗಳೂ ಶುರುವಾದವು. 64 ಸಾವಿರ ಡಾಲರ್‌ವರೆಗೆ ಬಹುಮಾನ. ಕೆಲವೇ ವರ್ಷಗಳಲ್ಲಿ ಅವುಗಳ ಬಂಡವಾಳ ಬಯಲಾಯಿತು. 'ಟ್ವೆಂಟಿ ಒನ್' ಎಂಬ ಕಾರ್ಯಕ್ರಮದ ಮನೆಮಾತಾಗಿದ್ದ ವಿಜೇತ ಚಾರ್ಲ್ಸ್ ವ್ಯಾನ್ ಡೋರನ್, ತನಗೆ ಉತ್ತರಗಳನ್ನು ಮೊದಲೇ ಕೊಡಲಾಗಿತ್ತು ಎಂದು 1959ರ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಎದುರು ಒಪ್ಪಿಕೊಂಡರು. ದೊಡ್ಡ ಹಣದ ಆಟಗಳು ಉದುರಿದವು, 50 ಡಾಲರಿನ ಆಟ ಇನ್ನೂ ಎಂಟು ವರ್ಷ ನಡೆಯಿತು. ಅಲ್ಲಿ ಮೋಸ ಮಾಡಿ ಗಳಿಸುವುದು ಏನೂ ಇರಲಿಲ್ಲ. ಜನ ನೋಡುತ್ತಿದ್ದದ್ದು ಬಂದವರನ್ನು, ಅವರ ಜಾಣತನವನ್ನು, ಅವರು ಪೇಚಿಗೆ ಸಿಕ್ಕುವುದನ್ನು.

ಕನ್ನಡದಲ್ಲೂ 2012ರ ಮಾರ್ಚ್‌ನಲ್ಲಿ ಸುವರ್ಣ ವಾಹಿನಿಯಲ್ಲಿ ಪುನೀತ್ ರಾಜ್‌ಕುಮಾರ್ ಅವರ 'ಕನ್ನಡದ ಕೋಟ್ಯಧಿಪತಿ' ಬಂತು. ಪುನೀತ್ ಇದ್ದರೆಂದೇ ನೋಡಿದವರು ನಾವೂ ಇದ್ದೇವೆ. ಬಡ ಮನೆಯವರೊಬ್ಬರು ಸಾಲ ತೀರಿಸುವಷ್ಟು ಗೆದ್ದರೆ ನಮಗೂ ಕಣ್ಣು ತೇವವಾಗಿದೆ, ಅದನ್ನು ಹೀಯಾಳಿಸುವ ಉದ್ದೇಶ ನಮಗಿಲ್ಲ. ಆದರೆ ನೋಡುವ ರೀತಿ ಬದಲಾಯಿತು. ಮನೆಯಲ್ಲಿ ಉತ್ತರ ಕೂಗುವುದು ಕಡಿಮೆಯಾಗಿ, 'ಬಿಟ್ಟುಬಿಡು, ಬಂದಷ್ಟು ತಗೊಂಡು ಏಳು' ಎನ್ನುವುದು ಹೆಚ್ಚಾಯಿತು. ಸ್ಪರ್ಧಿ ಆಡುತ್ತಿದ್ದಾನೆ ಎನ್ನುವುದಕ್ಕಿಂತ ಅವನ ಬಡತನ ಆಡುತ್ತಿದೆ ಎಂಬಂತೆ. ಸೋಮೇಶ್ವರರ ಮುಂದೆ ಕೂತವರ ಕಷ್ಟಸುಖ ನಮಗೆ ಗೊತ್ತಾಗುತ್ತಿರಲಿಲ್ಲ. ಅವರು ಯಾವ ಊರು, ಏನು ಓದಿದ್ದಾರೆ, ಏನು ಗೊತ್ತಿದೆ ಅಷ್ಟೇ. ತಪ್ಪು ಹೇಳಿದರೆ ಸರಿಯುತ್ತರ, ಅದರ ಹಿಂದಿನ ಒಂದು ಪುಟ್ಟ ವಿವರಣೆ. ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ.

ಕಾರವಾರದ ಮಟ್ಟಿಗೆ ಇದಕ್ಕೆ ಇನ್ನೊಂದು ಮುಖವಿದೆ. ಅದು ಕೊಂಕಣಿ ಮಾತಿನ ಪಟ್ಟಣ. ಮರಾಠಿ ನಾಟಕ, ಮರಾಠಿ ಪತ್ರಿಕೆ ಬಹಳ ಕಾಲ ಅಲ್ಲಿ ಮನೆಯ ವಸ್ತುಗಳಾಗಿದ್ದವು. ಮಹಾರಾಷ್ಟ್ರ ಕಾರವಾರವನ್ನು ತನ್ನದೆಂದು ಕೇಳಿದ್ದೂ, 1967ರ ಮಹಾಜನ್ ಆಯೋಗದ ವರದಿ ಅದನ್ನು ಕರ್ನಾಟಕದಲ್ಲೇ ಉಳಿಸಿದ್ದೂ ಎಲ್ಲರಿಗೂ ಗೊತ್ತು. ಗಡಿಯ ಜಗಳ ಬಂದಾಗ ಭಾಷಣ ಮಾಡುವವರು ಬೇಕಾದಷ್ಟು ಜನ. ಆದರೆ ಕೊಂಕಣಿ ಮನೆಯ ಊಟದ ಹೊತ್ತಿಗೆ, ಯಾರ ಮೇಲೂ ಒತ್ತಾಯವಿಲ್ಲದೆ, ಗಾದೆ, ಸಮಾನಪದ, ಕಾವ್ಯನಾಮ, ತದ್ಭವ ಎಂದೆಲ್ಲ ಕನ್ನಡವನ್ನು ಆಟವಾಗಿ ಬಡಿಸಿದ್ದು ಈ ಅರ್ಧ ತಾಸಿನ ಕಾರ್ಯಕ್ರಮ. ಅಜ್ಜಿ ಕೊಂಕಣಿಯಲ್ಲಿ ತರ್ಕ ಮಾಡಿ ಮೊಮ್ಮಗಳು ಕನ್ನಡದಲ್ಲಿ ಉತ್ತರ ಕೂಗಿದ ಮನೆಗಳು ನಮಗೆ ಗೊತ್ತು.

ಕ್ವಿಜ್‌ಗಳಲ್ಲಿ ನಮ್ಮ ಊರುಗಳು ಬರುವ ರೀತಿಯನ್ನೂ ಹೇಳಬೇಕು. 'ಕರ್ನಾಟಕದ ಬಾರ್ಡೋಲಿ?' ಅಂಕೋಲಾ. 'ಚುಟುಕ ಬ್ರಹ್ಮ?' ದಿನಕರ ದೇಸಾಯಿ. 'ರವೀಂದ್ರನಾಥ ಟ್ಯಾಗೋರರು ಅಣ್ಣನ ಜೊತೆ ತಂಗಿ ನಾಟಕ ಬರೆದ ಕಡಲತೀರದ ಊರು?' ಕಾರವಾರ. ಪ್ರಶ್ನೆಗೆ ಒಂದು ಸಾಲು ಸಾಕು. ಆದರೆ ಆ ಒಂದು ಸಾಲಿನ ಹಿಂದೆ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯ ಕಡಲಂಚಿನಲ್ಲಿ ಉಪ್ಪು ಮಾಡಿದ ಜನಸಾಗರವಿದೆ, ಕರ ಕೊಡದೆ ಹೊಲಮನೆ ಕಳೆದುಕೊಂಡ ಕುಟುಂಬಗಳಿವೆ. 1883ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥರ ಮನೆಗೆ ಬಂದ ಇಪ್ಪತ್ತೆರಡರ ತರುಣ ಕವಿಯಿದ್ದಾನೆ. ಈಚೆಗೆ ಇನ್ನೆರಡು ಉತ್ತರಗಳು ಸೇರಿವೆ: ಬಡಗೇರಿಯ ಸುಕ್ರಿ ಬೊಮ್ಮಗೌಡ, 2017ರ ಪದ್ಮಶ್ರೀ. ಹೊನ್ನಳ್ಳಿಯ ತುಳಸಿ ಗೌಡ, 2020ರ ಪದ್ಮಶ್ರೀ. ತುಳಸಜ್ಜಿ 2024ರ ಡಿಸೆಂಬರ್‌ನಲ್ಲಿ, ಸುಕ್ರಜ್ಜಿ ಅದಾಗಿ ಎರಡು ತಿಂಗಳಿಗೆ ತೀರಿಕೊಂಡರು. ಒಬ್ಬರಿಗೆ ಗಿಡಗಳು ಗೊತ್ತಿದ್ದವು, ಒಬ್ಬರಿಗೆ ಹಾಡುಗಳು. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕದಲ್ಲಿ ಈಗ ಇಬ್ಬರೂ ನಾಲ್ಕು ಆಯ್ಕೆಗಳಲ್ಲಿ ಒಂದು. ಒಳ್ಳೆಯ ಕ್ವಿಜ್ ಮಾಸ್ತರರು ಉತ್ತರ ಬಂದ ಮೇಲೆ ಅರ್ಧ ನಿಮಿಷ ನಿಂತು ಹೇಳುತ್ತಿದ್ದ ಆ ಎರಡು ಮಾತು ಎಷ್ಟು ಬೆಲೆಯದಾಗಿತ್ತು ಎಂಬುದು ಗೊತ್ತಾಗುವುದು ಇಂಥಲ್ಲಿ.

ಈ ಚರಿತ್ರೆಗೆ ಆಧಾರಗಳು ಎಲ್ಲಿವೆ ಎಂದು ಹುಡುಕಿದರೆ ಎದೆ ಕುಸಿಯುತ್ತದೆ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದನ್ನು ಮುದ್ರಿಸುವುದು ದೂರದರ್ಶನದಲ್ಲಿ ನಡೆದಿದೆ. ಇದು ನಮ್ಮವರ ತಪ್ಪು ಮಾತ್ರವಲ್ಲ. ಬಿಬಿಸಿ ಕೂಡ ಹೀಗೇ ಮಾಡಿತು, 'ವಾಟ್ಸ್ ಮೈ ಲೈನ್?'ನ ಮೊದಲ ಎರಡು ವರ್ಷದ ಹೆಚ್ಚಿನ ಕಂತುಗಳೂ ಉಳಿದಿಲ್ಲ. ಇತ್ತೀಚಿನ ಕಂತುಗಳು ಯೂಟ್ಯೂಬಿನಲ್ಲಿ ಸಿಗುತ್ತವೆ, ಸರಿ. ಆದರೆ ನಮಗೆ ಬೇಕಾದದ್ದು ಇಪ್ಪತ್ತು ವರ್ಷ ಹಿಂದಿನ ಒಂದು ರಾತ್ರಿ, ಅದರಲ್ಲಿ ಕೂತಿದ್ದ ಅಂಕೋಲೆಯ ಒಬ್ಬರು. ಕಾರವಾರ ತಾಲೂಕಿನ ಕರಾವಳಿಯಲ್ಲಿ ಇನ್ನೂ ಕಷ್ಟ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಬಿಣಗಾದಿಂದ ಅಂಕೋಲೆಯ ಗಡಿ ದಾಟುವವರೆಗೆ 13 ಹಳ್ಳಿಗಳ ಜನ ಎದ್ದುಹೋದರು. 2005ರಲ್ಲಿ ಅರ್ಗಾದಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಊರಿಗೆ ಮೊದಲು ಟೀವಿ ತಂದ ಮನೆ, ಐವತ್ತು ಜನ ಕೂರುತ್ತಿದ್ದ ಆ ಜಗುಲಿ, ಬೇಲಿಯ ಆಚೆ. ಪುನರ್ವಸತಿ ಕಾಲೊನಿಯ ಅಳತೆಯ ಮನೆಗಳಿಗೆ ಅಂಥ ಜಗುಲಿ ಇಲ್ಲ. ಜೊತೆಗೂಡಿ ನೋಡುವುದು ನಿಂತದ್ದಕ್ಕೆ ಮೊಬೈಲನ್ನು ಬಯ್ಯುವವರು ಈ ಕಡೆ ಬಂದು ಒಮ್ಮೆ ನೋಡಬೇಕು, ಮೊಬೈಲ್ ಬರುವ ಮೊದಲೇ ಇಲ್ಲಿ ಜಗುಲಿ ಹೋಗಿತ್ತು.

ಕೊನೆಗೆ ಮರುಪ್ರಸಾರದ ಗೋಪುರಗಳೂ ಹೋದವು. ಡಿಶ್, ಕೇಬಲ್ ಎಲ್ಲೆಡೆ ಬಂದ ಮೇಲೆ ಅವನ್ನು ನೋಡುವವರಿಲ್ಲ ಎಂದು ಪ್ರಸಾರ ಭಾರತಿ ದೇಶದ ಬಹುತೇಕ ಅನಲಾಗ್ ಪ್ರಸಾರಕಗಳನ್ನು 2022ರ ಮಾರ್ಚ್ ಹೊತ್ತಿಗೆ ಮುಚ್ಚಿತು. ಅದರ ಬಗ್ಗೆ ಜಿಲ್ಲೆಯ ಪುಟಗಳಲ್ಲಿ ಒಂದು ಸಿಂಗಲ್ ಕಾಲಂ ಸುದ್ದಿಗಿಂತ ಹೆಚ್ಚು ಜಾಗ ಯಾರೂ ಕೊಡುವಂತಿರಲಿಲ್ಲ.

ನಮ್ಮಂಥ ತಾಲೂಕು ವರದಿಗಾರರ ಕೈಗೆ ಈ ಚರಿತ್ರೆ ಬರುವುದು ಒಂದೇ ಬಾಗಿಲಿನಿಂದ, ನಿಧನ ವಾರ್ತೆ. ನಿವೃತ್ತ ಮುಖ್ಯಾಧ್ಯಾಪಕರು ತೀರಿಕೊಳ್ಳುತ್ತಾರೆ. ಮಗ ವಾಟ್ಸ್ಯಾಪಿನಲ್ಲಿ ವಿವರ ಕಳಿಸುತ್ತಾರೆ: ವಯಸ್ಸು, ಸೇವೆ ಮಾಡಿದ ಶಾಲೆಗಳು, ಪತ್ನಿ, ಇಬ್ಬರು ಪುತ್ರರು, ತಾಳಮದ್ದಳೆ ಅರ್ಥಧಾರಿ, 'ಥಟ್ ಅಂತ ಹೇಳಿ' ಕಾರ್ಯಕ್ರಮದಲ್ಲಿ ಭಾಗವಹಿಸಿದ್ದರು. ಜಾಗ ಸಾಲದಿದ್ದರೆ ಡೆಸ್ಕಿನಲ್ಲಿ ಮೊದಲು ಕತ್ತರಿಸುವುದು ಆ ಕೊನೆಯ ಸಾಲನ್ನು. ಯಾವ ವರ್ಷ ಹೋಗಿದ್ದರು ಎಂದು ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ವರ್ಷ ಹೇಳುತ್ತಾರೆ. ಹಾಗಾಗಿ ಈಗ ನಾವು ಅವರು ಗೆದ್ದ ಪುಸ್ತಕ ಕಪಾಟಿನಲ್ಲಿ ಇದೆಯೇ ಎಂದು ಕೇಳುತ್ತೇವೆ. ಆ ತಲೆಮಾರಿನವರಿಗೆ ಪುಸ್ತಕ ಕೈಗೆ ಬಂದ ದಿನವೇ ಮೊದಲ ಪುಟದಲ್ಲಿ ಹೆಸರು, ಊರು, ತಾರೀಖು ಬರೆಯುವ ರೂಢಿಯಿತ್ತು. ಹುಡುಕಿದರೆ ಹಲವು ಸಲ ಸಿಗುತ್ತದೆ, ನೀಲಿ ಶಾಯಿಯಲ್ಲಿ, ಕೆಳಗೆ ಒಂದು ಗೆರೆ ಎಳೆದು.